ಮೂಡಣ ದಡಕ್ಕೆ ಬಂದ ಹೆಣಗಳು

"ಗುರುಗಳೇ, ನಾನು ಮಾಡಿದ ಚಿಕಿತ್ಸೆಯನ್ನು ಇನ್ನು ಮೇಲೆ ಬೇರೊಬ್ಬ ವೈದ್ಯ ಪರಿಶೀಲಿಸುತ್ತಾನಂತೆ. ಸರಿಯಾಗಿ ಕೆಲಸ ಮಾಡುವವನಿಗೆ ಇದು ಅವಮಾನವಲ್ಲವೇ?" ಎಂದು ವೈದ್ಯನಾಗಿದ್ದ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಹೊಳೆಯ ಎರಡು ದಡಗಳಲ್ಲಿ ಎರಡು ಊರುಗಳಿದ್ದವು. ಯಾರಾದರೂ ಅಕಾಲದಲ್ಲಿ ಸತ್ತರೆ ಹೆಣ ನೋಡಿ ಕಾರಣ ಬರೆಯಲು ಎರಡೂ ಕಡೆ ಒಬ್ಬೊಬ್ಬ ವಿಚಾರಣಾಧಿಕಾರಿ ಇದ್ದ. ಪಡುವಣದವನು ಹೆಣದ ಉಗುರನ್ನೂ ಬಿಡದೆ ನೋಡುತ್ತಿದ್ದ. ಮೂರು ದಿನವಾದರೂ ಹೆಣ ಬಿಟ್ಟುಕೊಡುತ್ತಿರಲಿಲ್ಲ. ಮೂಡಣದವನು ಹೊದಿಕೆಯನ್ನೂ ಸರಿಸದೆ 'ನೀರಿನಲ್ಲಿ ಮುಳುಗಿ ಸತ್ತ' ಎಂದು ಬರೆದು ಕಳಿಸುತ್ತಿದ್ದ. ಹೊಳೆಯಲ್ಲಿ ಎಲ್ಲೇ ಹೆಣ ಸಿಕ್ಕರೂ ಅಂಬಿಗರು ಅದನ್ನು ಮೂಡಣಕ್ಕೇ ತರುತ್ತಿದ್ದರು. ಜನಕ್ಕೆ ತನ್ನ ಮೇಲೆ ಅಷ್ಟು ನಂಬಿಕೆ ಎಂದು ಅವನು ಬೀಗುತ್ತಿದ್ದ. ಪಾಪ, ಹೊಗಳುವವರ ನಡುವೆ ಮುದುಕನಾಗಿದ್ದ.

ಒಮ್ಮೆ ಒಬ್ಬ ಬೆಸ್ತನ ಹೆಣ ಬಂತು. ಅಧಿಕಾರಿ ಎಂದಿನಂತೆ ಬರೆದು ಮುಗಿಸಿದ. ಸತ್ತವನ ಅಕ್ಕ ಮಾತ್ರ ಹೆಣ ಎತ್ತಲು ಬಿಡಲಿಲ್ಲ.

"ನೀರಲ್ಲೇ ಆಡಿ ಬೆಳೆದೋನು ನನ್ನ ತಮ್ಮ. ಪಡುವಣದ ದಡದಲ್ಲಿ, ಮೊಣಕಾಲುದ್ದ ನೀರಲ್ಲಿ ಸಿಕ್ಕಿದಾನೆ. ಅಲ್ಲಿಂದ ಇಲ್ಲಿಗ್ಯಾಕೆ ತಂದರು, ಸ್ವಾಮಿ?"

ಅಧಿಕಾರಿ ಹೆಣ ತಂದ ಅಂಬಿಗನ ಮುಖ ನೋಡಿದ. ಸತ್ತವನೊಂದಿಗೆ ಬಲೆ ಬೀಸುತ್ತಿದ್ದ ಜೊತೆಗಾರನೇ ಇಲ್ಲಿಗೆ ತರಲು ಹೇಳಿದನೆಂದು ಅಂಬಿಗ ಒಪ್ಪಿಕೊಂಡ. "ನೀವು ಹೊದಿಕೆ ಸರಿಸೋದಿಲ್ಲ ಅಂತ ಎಲ್ಲರಿಗೂ ಗೊತ್ತಲ್ಲ, ಬುದ್ಧಿ" ಎಂದ.

ಮುದುಕನಿಗೆ ನಾಚಿಕೆಯಾಯಿತು. ಆದರೂ ಅವನು ಮುಖ ಮರೆಸಿಕೊಳ್ಳಲಿಲ್ಲ. ಪಡುವಣದ ಅಧಿಕಾರಿಗೆ ಹೇಳಿ ಕಳಿಸಿ, ಇಬ್ಬರೂ ಕೂಡಿ ಹೆಣ ನೋಡಿದರು. ಕುತ್ತಿಗೆಯಲ್ಲಿ ಬಲೆಯ ಹಗ್ಗದ ಗುರುತಿತ್ತು. ಮುದುಕ ಊರವರೆದುರು ತನ್ನ ಬರಹವನ್ನು ಹೊಡೆದುಹಾಕಿ, 'ನಾನು ಬರೆದದ್ದು ತಪ್ಪು' ಎಂದು ಕೆಳಗೆ ಬರೆದ. ಜೊತೆಗಾರ ಸಿಕ್ಕಿಬಿದ್ದ.

ಅಂದಿನಿಂದ ಎರಡೂ ದಡಕ್ಕೆ ಒಂದೇ ಕ್ರಮವಾಯಿತು. ಹೆಣವನ್ನು ಪೂರ್ತಿ ನೋಡಬೇಕು, ಒಂದೇ ದಿನದಲ್ಲಿ ಬಿಟ್ಟುಕೊಡಬೇಕು, ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಿ ಸಹಿ ಹಾಕಬೇಕು. ಈ ವಯಸ್ಸಿನಲ್ಲಿ ಮರ್ಯಾದೆ ಹೋಯಿತಲ್ಲ ಎಂದು ಯಾರೋ ಮುದುಕನನ್ನು ಕೆಣಕಿದರು. ಅವನು ತಲೆಯೆತ್ತಿ ಹೇಳಿದ: "ಇಷ್ಟು ದಿನ ನನ್ನ ಮಾತು ಈ ದಡದಲ್ಲಷ್ಟೇ ನಡೀತಿತ್ತು. ಈಗ ಆ ದಡದಲ್ಲೂ ನಡೆಯುತ್ತೆ."

ಅವನನ್ನು ನೆನೆದರೆ ನನಗೆ ಇವತ್ತಿಗೂ ಹೆಮ್ಮೆಯಾಗುತ್ತದೆ.

ಶಿಷ್ಯ, "ಆದರೆ ಗುರುಗಳೇ, ನನ್ನ ಕೆಲಸ ಸರಿಯಾಗಿಯೇ ಇದೆ" ಎಂದ.

ಗುರುಗಳು ಕೇಳಿದರು: "ಹಾಗೆಂದು ನಿನ್ನನ್ನು ಬಿಟ್ಟು ಇನ್ನು ಯಾರು ನೋಡಿ ಹೇಳಿದ್ದಾರೆ?"