ಮಚ್ಚಿನ ಕನಿಕರ

ಮಾವಿನ ಮರದ ದಟ್ಟ ನೆರಳಲ್ಲಿ ಮುರುಗಲ ಸಸಿಯೊಂದು ಕೆಂಪು ಚಿಗುರು ಬಿಟ್ಟುಕೊಂಡು ತನ್ನ ಪಾಡಿಗೆ ನಿಧಾನವಾಗಿ ಬೆಳೆಯುತ್ತಿತ್ತು. ಅದನ್ನು ಕಂಡ ಮಚ್ಚಿಗೆ ಕನಿಕರ ಉಕ್ಕಿತು.

“ಅಯ್ಯೋ ಕಂದಾ, ಕತ್ತಲಲ್ಲಿ ಕೊಳೀತಿದ್ದೀಯಲ್ಲ! ಈ ಕೊಂಬೆ ಕಡಿದು ನಿನಗೆ ಬಿಸಿಲು ಕೊಡಿಸ್ತೀನಿ.”

“ಬೇಡ ದೊಡ್ಡಪ್ಪ. ಎಳೆತನದಲ್ಲಿ ನಮ್ಮ ಕುಲಕ್ಕೆ ನೆರಳೇ ಬೇಕು. ಬಿಸಿಲು ಬಿದ್ದರೆ ಸತ್ತೇಹೋಗ್ತೀನಿ,” ಎಂದಿತು ಸಸಿ.

“ನಿನಗೇನು ಗೊತ್ತು? ಆ ಗುಲಾಬಿ ಹೂ ಬಿಟ್ಟಿದ್ದೇ ನಾನು ಬಿಸಿಲು ಕೊಡಿಸಿದ ಮೇಲೆ.”

“ನಾನು ಗುಲಾಬಿ ಅಲ್ಲವಲ್ಲ.”

“ದೊಡ್ಡವರಿಗೆ ಎದುರು ಮಾತಾಡಬಾರದು,” ಎಂದು ಮಚ್ಚು ಕೊಂಬೆಯನ್ನು ಕೆಡವಿತು.

ವಾರ ಕಳೆಯುವಷ್ಟರಲ್ಲಿ ಸಸಿಯ ಚಿಗುರೆಲ್ಲ ಸುಟ್ಟು ಕರಕಲಾಯಿತು. ಮಚ್ಚು ಬಂದು ನೋಡಿತು, ನಿಜಕ್ಕೂ ಸಂಕಟಪಟ್ಟಿತು.

“ಪಾಪ, ಬಿಸಿಲು ಇನ್ನೂ ಸಾಲಲಿಲ್ಲ,” ಎನ್ನುತ್ತಾ ಪಕ್ಕದ ಕೊಂಬೆಯ ಕಡೆ ತಿರುಗಿತು.

ಬೇಡ ಎನ್ನಲು ಈ ಸಲ ಸಸಿ ಉಳಿದಿರಲಿಲ್ಲ.