ಯಾರಿಗೂ ಕಾಣದ ವಿಮಾನ

ಒಂದರ ಮೇಲೊಂದು ರೆಕ್ಕೆಯಿರುವ ಪುಟ್ಟ ಮಾದರಿ ಯುದ್ಧವಿಮಾನವನ್ನು ವಾಮನರಾಯರು ಮೂರು ತಿಂಗಳು ಕೂತು ಕಟ್ಟಿದ್ದರು. ಬಣ್ಣ ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದರು. ವಿಮಾನಕ್ಕೆ ನೆಮ್ಮದಿಯಿಲ್ಲ.

“ಬೇಗ ಬಳಿ, ಕುಂಚವೇ! ಕೆಳಗೆ ಹಾಸಿದ ಪೇಪರಿನ ಮೇಲಿನ ಬಣ್ಣದ ಕಲೆಗಳಂತೆಯೇ ಬಳಿ. ಶತ್ರುವಿಗೆ ನಾನು ಕಾಣಬಾರದು.”

“ಶತ್ರು ಯಾರು?”

“ಗೊತ್ತಿಲ್ಲ, ಅದಕ್ಕೇ ಭಯ. ಬಾಲಕ್ಕೆ ಇನ್ನೊಂದು ಚುಕ್ಕೆ ಇಡು!”

ಕುಂಚ ಇಟ್ಟಿತು. ವಿಮಾನ ಪೇಪರಿನಲ್ಲಿ ಕರಗಿಹೋಯಿತು.

ರಾಯರು ಬಂದು ಮೇಜಿನ ಮೇಲೆ, ಕೆಳಗೆ, ಕಪಾಟಿನ ಹಿಂದೆ ಹುಡುಕಿದರು. “ಎಲ್ಲಿ ಹೋಯ್ತಪ್ಪಾ ಇದು?” ಎನ್ನುತ್ತ ಸುಸ್ತಾಗಿ ಕೂತು, ಆ ಪೇಪರಿನ ಮೇಲೆ ಮೊಣಕೈ ಊರಿದರು. ರೆಕ್ಕೆಗಳು ಲಟಕ್ಕೆಂದು ಮುರಿದವು.

“ಶತ್ರು ಬಂದ!” ಎಂದು ನರಳಿತು ವಿಮಾನ.

ಕುಂಚ ಹೇಳಿತು: “ಶತ್ರುವಲ್ಲ. ನಿನ್ನನ್ನು ಹುಡುಕಿ ಸೋತ ರಾಯರು.”