ತುಪ್ಪದ ಗಿಂಡಿ ಬಿಡದವನು

"ಗುರುಗಳೇ, ಮನುಷ್ಯನ ಮನಸ್ಸು ಯಾವ ವಯಸ್ಸಿಗೆ ಮಾಗುತ್ತದೆ?"

ಕೇಳಿದವನು ಚೆನ್ನವೀರ. ಅವನು ಮಠಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು, ಈಗ ಮೂವತ್ತೆಂಟರ ವಯಸ್ಸು. ಅಂದು ಬೆಳಿಗ್ಗೆ ಹೊಳೆಯಾಚೆಯ ಊರಿನಿಂದ ನಾಲ್ವರು ಹಿರಿಯರು ಬಂದಿದ್ದರು. ತಮ್ಮ ಊರಿನ ಪುಟ್ಟ ಮಠಕ್ಕೆ ಚೆನ್ನವೀರನನ್ನೇ ಗುರುವಾಗಿ ಕಳಿಸಿಕೊಡಬೇಕೆಂದು ಕೇಳಿಕೊಂಡು, ಉತ್ತರಕ್ಕಾಗಿ ಜಗಲಿಯಲ್ಲಿ ಕಾಯುತ್ತಿದ್ದರು. ಹೋಗಬೇಕೆಂಬ ಆಸೆ ಚೆನ್ನವೀರನಿಗಿತ್ತು. ತಾನಿನ್ನೂ ಮಾಗಿಲ್ಲವೇನೋ ಎಂಬ ಅಳುಕೂ ಇತ್ತು. ಗುರುಗಳು ಹೂಂ ಎಂದರೆ ಹೊರಡುವುದು, ಊಹೂಂ ಎಂದರೆ ಇಲ್ಲೇ ಉಳಿಯುವುದು ಎಂದು ನಿಶ್ಚಯಿಸಿಕೊಂಡು ಬಂದಿದ್ದ.

ಎಪ್ಪತ್ತೊಂಬತ್ತರ ಗುರುಗಳು ಎರಡನ್ನೂ ಅನ್ನಲಿಲ್ಲ. "ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಆ ಊರಿನವರೆಲ್ಲ ಒಂದೇ ಚಪ್ಪರದಡಿ ಕೂತು ಊಟ ಮಾಡುತ್ತಿದ್ದರು. ಬಡಿಸುವುದಕ್ಕೆ ಅಲ್ಲಿ ಒಂದು ಕಟ್ಟಳೆಯಿತ್ತು. ಮೀಸೆ ಚಿಗುರುವ ವಯಸ್ಸಿನವರು ಉಪ್ಪು ಬಡಿಸಬೇಕು. ಮದುವೆಯಾಗಿ ರಟ್ಟೆ ಬಲಿತವರು ಸಾರಿನ ಬಕೆಟ್ಟು ಹಿಡಿಯಬೇಕು. ಮಕ್ಕಳು ಎದೆಯುದ್ದ ಬೆಳೆದವರಿಗೆ ತುಪ್ಪದ ಗಿಂಡಿ. ಎಪ್ಪತ್ತು ದಾಟಿದವರು ಏನನ್ನೂ ಮುಟ್ಟುವಂತಿಲ್ಲ, ಮೊದಲ ಪಂಕ್ತಿಯಲ್ಲಿ ಕೂರಬೇಕು. ಅವರಲ್ಲಿ ಎಲ್ಲರಿಗಿಂತ ಹಿರಿಯವನು ಮೊದಲ ತುತ್ತು ಬಾಯಿಗಿಟ್ಟ ಮೇಲೆಯೇ ಉಳಿದವರು ಎಲೆಗೆ ಕೈ ಹಾಕಬೇಕು.

ರೈತನಿಗೆ ಹದಿನಾರಾದ ವರ್ಷ ಕೈಗೆ ಉಪ್ಪಿನ ಬಟ್ಟಲು ಬಂತು. ಜೀವವೇ ಹೋದಂತಾಯಿತು. ಚಪ್ಪರದಲ್ಲಿದ್ದ ನಾನೂರು ಜನವೂ ತನ್ನನ್ನೇ, ಅದರಲ್ಲೂ ತನ್ನ ಮೂಗಿನ ಮೇಲಿನ ಮೊಡವೆಯನ್ನೇ ನೋಡುತ್ತಿದ್ದಾರೆಂದು ಅವನಿಗೆ ಖಾತ್ರಿಯಾಗಿತ್ತು. ಹಸಿದು ಕೂತವರು ಎಲೆ ನೋಡುತ್ತಾರೆ, ಮೊಡವೆ ಯಾರಿಗೆ ಬೇಕು? ಅಷ್ಟು ತಿಳಿದಿದ್ದರೆ ಅದು ಹದಿನಾರೇ ಅಲ್ಲ. ಅವನು ಕತ್ತು ಸೆಟೆದುಕೊಂಡು, ಚಪ್ಪರ ನೋಡುತ್ತ ನಡೆದ. ಒಬ್ಬರ ಎಲೆಗೆ ಮೂರು ಸಲ ಉಪ್ಪು ಬಿತ್ತು. ಹತ್ತು ಜನರಿಗೆ ಬೀಳಲೇ ಇಲ್ಲ.

ಮೂವತ್ತಕ್ಕೆ ಸಾರಿನ ಬಕೆಟ್ಟು ಬಂತು. "ಉಪ್ಪು ಹಿಡಿದಾಗ ನಾನು ಶುದ್ಧ ಪೆದ್ದ. ಈಗ ಬುದ್ಧಿ ಬಂತು" ಎಂದುಕೊಂಡ. ಹಾಗೆ ಬಂದ ಬುದ್ಧಿ, ಎದುರು ಸಾಲಿಗೆ ಬಡಿಸುತ್ತಿದ್ದ ಭಾವಮೈದುನನ ಜೊತೆ ಪಂದ್ಯ ಹೂಡಿತು. ಅವನು ನಡೆದರೆ ಇವನು ಬಿರಬಿರನೆ ನಡೆದ. ಅವನು ಬಿರಬಿರನೆ ನಡೆದರೆ ಇವನು ಓಡಿದ. ಸಾಲು ಮುಗಿಸಿದವರಲ್ಲಿ ಇವನೇ ಮೊದಲಿಗ. ಸಾರು ಮಾತ್ರ ಎಲೆಗಿಂತ ಹೆಚ್ಚಾಗಿ ಪಂಚೆಗಳ ಮೇಲಿತ್ತು.

ಐವತ್ತಕ್ಕೆ ತುಪ್ಪದ ಗಿಂಡಿ ಬಂತು. "ಬಕೆಟ್ಟು ಹಿಡಿದಾಗ ನಾನು ಹೋರಿಯ ಹಾಗಿದ್ದೆ. ಬುದ್ಧಿ ನಿಜವಾಗಿ ಬಂದದ್ದು ಈಗ" ಎಂದುಕೊಂಡ. ಈ ಸಲ ಓಡಲಿಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು, ಅವರವರ ಯೋಗ್ಯತೆ ತೂಗಿ ಬಡಿಸಿದ. ಮಗಳ ಮದುವೆಯಲ್ಲಿ ಓಡಾಡಿದವರಿಗೆ ಧಾರಾಳವಾಗಿ ಸುರಿದ. ಹೊಲದ ಬದುವಿನ ಜಗಳ ತೆಗೆದವನಿಗೆ ಒಂದೇ ತೊಟ್ಟು, ಅದೂ ಎರಡು ಸಲ ಗಿಂಡಿ ಕೊಡವಿದ ಮೇಲೆ. ತುಪ್ಪ ಊರಿನದು, ಧಿಮಾಕು ಇವನದು.

ಇಪ್ಪತ್ತು ವರ್ಷ ಗಿಂಡಿ ಅವನ ಕೈ ಬಿಡಲಿಲ್ಲ. ಊಟದ ದಿನ ಹತ್ತಿರ ಬಂದಂತೆ ಜನ ದಾರಿಯಲ್ಲಿ ನಿಂತು ಅವನಿಗೆ ನಮಸ್ಕಾರ ಮಾಡುತ್ತಿದ್ದರು. ನಮಸ್ಕಾರ ತನಗೆ ಎಂದು ಅವನು ತಿಳಿದಿದ್ದ. ತುಪ್ಪಕ್ಕೆ ಎಂದು ಅವನ ಹೆಂಡತಿಗೆ ಗೊತ್ತಿತ್ತು.

ಎಪ್ಪತ್ತು ದಾಟಿದ ವರ್ಷ ಅವನೇ ಊರಿಗೆ ಹಿರಿಯನಾದ. ಎಲೆ ಹಾಕಿದ್ದಾಯಿತು, ಅನ್ನ ಬಡಿಸಿದ್ದಾಯಿತು. ಮುದುಕ ಮಾತ್ರ ಗಿಂಡಿಯನ್ನು ಎದೆಗೆ ಅವಚಿಕೊಂಡು ಕಂಬದ ಪಕ್ಕ ನಿಂತುಬಿಟ್ಟ. ಅವನು ಕೂರದೆ ಮೊದಲ ತುತ್ತಿಲ್ಲ. ಮೊದಲ ತುತ್ತಿಲ್ಲದೆ ಊರಿಗೆ ಊಟವಿಲ್ಲ. ಅನ್ನ ಆರಿತು. ಮಕ್ಕಳು ಅಳತೊಡಗಿದರು. ಇಬ್ಬರು ಬಂದು ಗಿಂಡಿ ಎಳೆದರು, ಮುದುಕನೂ ಬಿಡದೆ ಎಳೆದ. ಆ ವರ್ಷದ ತುಪ್ಪದಲ್ಲಿ ಅರ್ಧ ಭೂಮಿತಾಯಿಗೆ ಅರ್ಪಿತವಾಯಿತು. ಚಪ್ಪರಕ್ಕೆ ಚಪ್ಪರವೇ ನಕ್ಕಿತು.

"ತುಪ್ಪ ಬೇಡ ಅಂದ್ರೆ ಸಾರಾದ್ರೂ ಕೊಡಿ" ಎಂದ ಮುದುಕ. "ಅದೂ ಬೇಡ, ಉಪ್ಪಾದ್ರೂ ಕೊಡ್ರಪ್ಪ. ಕೈಯಲ್ಲಿ ಏನೂ ಇಲ್ದೆ ಕೂತ್ರೆ ನನ್ನನ್ನ ಯಾರು ಮಾತಾಡಿಸ್ತಾರೆ?" ನಗುತ್ತಿದ್ದವರು ಸುಮ್ಮನಾದರು.

ಇಲ್ಲಿಗೆ ಬಂದಾಗ ಗುರುಗಳು ಕತೆ ಬಿಟ್ಟು ಶಿಷ್ಯನ ಕಡೆ ತಿರುಗಿದರು. "ಅವನ ಭಯ ಸುಳ್ಳಲ್ಲ, ಚೆನ್ನವೀರ" ಎಂದು ಮತ್ತೆ ಮುಂದುವರಿಸಿದರು.

ಹೆಂಗಸರ ಸಾಲಿನಿಂದ ಮುದುಕನ ಹೆಂಡತಿ ಕೂಗಿದಳು: "ಐವತ್ತೈದು ವರ್ಷ ನೀವು ಬಡಿಸಿದ್ದಾಯ್ತು. ಬೇರೆಯವರು ಬಡಿಸೋದನ್ನ ಒಂದಿನಾದ್ರೂ ನೋಡಿದ್ದೀರಾ? ಕೂತ್ಕೊಂಡು ನೋಡಿ!"

ಊರಿಗೆ ಹೆದರದವನು ಹೆಂಡತಿಗೆ ಹೆದರಿ ಗಿಂಡಿ ಕೊಟ್ಟು ಕೂತ. ಮೊದಲು ಉಪ್ಪಿನ ಹುಡುಗ ಬಂದ. ಕತ್ತು ಸೆಟೆದಿತ್ತು, ಕಣ್ಣು ಚಪ್ಪರದಲ್ಲಿತ್ತು, ಉಪ್ಪು ಎಲೆಯ ಆಚೆ ಬಿತ್ತು. ಅವನ ಹಿಂದೆಯೇ ಇಬ್ಬರು ಬಕೆಟ್ಟು ಹಿಡಿದು ನಾ ಮುಂದು ತಾ ಮುಂದು ಎಂದು ಓಡಿ ಬಂದರು. ಬಿಸಿ ಸಾರು ಮುದುಕನ ಮೊಣಕಾಲಿಗೆ ಬಿತ್ತು. ಕೊನೆಗೆ ತುಪ್ಪ ಬಂತು. ಗಿಂಡಿ ಹಿಡಿದವನು ಬದುವಿನ ಜಗಳದವನ ಮಗ. ಅವನು ಮುದುಕನ ಮುಂದೆ ನಿಂತು, ಮೇಲಿಂದ ಕೆಳಗಿನವರೆಗೆ ಅಳೆದು, ಒಂದೇ ಒಂದು ತೊಟ್ಟು ಬಿಟ್ಟ.

ಮುದುಕ ಆ ತೊಟ್ಟನ್ನು ನೋಡಿದ. ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಬಿಕ್ಕಳಿಕೆ ಹತ್ತುವವರೆಗೆ ನಕ್ಕ. "ಎಲ್ಲಾ ನಾನೇ ಕಣೇ!" ಎಂದು ಹೆಂಗಸರ ಸಾಲಿನ ಕಡೆ ಕೂಗಿದ. "ಉಪ್ಪಿನವನೂ ನಾನೇ, ಸಾರಿನವರೂ ನಾನೇ, ಈ ಜಿಪುಣನೂ ನಾನೇ!"

"ಅದು ನನಗೆ ಯಾವಾಗ್ಲೋ ಗೊತ್ತು" ಎಂದಳು ಹೆಂಡತಿ. "ಮೊದ್ಲು ತುತ್ತು ಇಡಿ, ಊರು ಹಸ್ಕೊಂಡು ಕೂತಿದೆ."

ಮುದುಕ ತುತ್ತು ಬಾಯಿಗಿಟ್ಟ. ಊರು ಉಂಡಿತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಎದ್ದು ಕೈ ಮುಗಿದ.

"ತಿಳಿಯಿತು ಗುರುಗಳೇ. ನಾನಿನ್ನೂ ಬಕೆಟ್ಟು ಹಿಡಿದು ಓಡುತ್ತಿರುವವನು. ಮಾಗಿದವರು ತಾವು. ನಾನು ಬರುವುದಿಲ್ಲ ಎಂದು ಜಗಲಿಯಲ್ಲಿರುವವರಿಗೆ ಹೇಳಿ ಕಳಿಸುತ್ತೇನೆ."

ಅವನು ಹೊಸ್ತಿಲು ತಲುಪಿದಾಗ ಗುರುಗಳು ಹಿಂದಿನಿಂದ ಕರೆದರು. ಅವನು ತಿರುಗಿದ ಮೇಲೆ ಹೇಳಿದರು:

"ಬರುತ್ತೇನೆ ಎಂದು ಹೇಳು ಮಗನೇ, ನಿನ್ನನ್ನು ಬಿಟ್ಟುಕೊಡಲು ಮನಸ್ಸಿಲ್ಲದೆಯೇ ನಾನು ಕತೆಯನ್ನು ಇಷ್ಟು ಉದ್ದ ಎಳೆದದ್ದು."